ಸಿಕ್ಸ್ತ್ ಫಾರ್ಮಿನ ಮೂರು ವರ್ಷ: ಸಹಾಯದ ಕೈ ಎಷ್ಟು ದೂರ ನಿಲ್ಲಬೇಕು?

ಪ್ರಶ್ನೆ: ನಾವು ಮೈಸೂರಿನವರು. ಎಂಟು ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದೇವೆ. ಇಲ್ಲಿ ಕಾಯಂ ವಾಸದ ಅನುಮತಿಯೂ ಸಿಕ್ಕಿದೆ. ನಮ್ಮ ಒಬ್ಬನೇ ಮಗನಿಗೆ ಆಟಿಸಂ ಮತ್ತು ಬೌದ್ಧಿಕ ಅಸಾಮರ್ಥ್ಯ ಇದೆ. ಬರುವ ಮೇ ತಿಂಗಳಿಗೆ 16 ತುಂಬುತ್ತದೆ. ಸೆಪ್ಟೆಂಬರಿನಲ್ಲಿ ತನ್ನ ವಿಶೇಷ ಶಾಲೆಯಲ್ಲೇ ಸಿಕ್ಸ್ತ್ ಫಾರ್ಮ್, ಅಂದರೆ 16ರ ನಂತರದ ತರಗತಿಗಳನ್ನು ಸೇರುತ್ತಾನೆ. ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತನಾಡುತ್ತಾನೆ, ಹದಿಮೂರರ ಮಗ್ಗಿಯನ್ನು ತಪ್ಪಿಲ್ಲದೆ ಹೇಳುತ್ತಾನೆ. ಮುಂದಿನ ಮೂರು ವರ್ಷದ ವೇಳಾಪಟ್ಟಿ ನೋಡಿದರೆ ಅಡುಗೆ, ಬಸ್ ಪ್ರಯಾಣ, ಅಂಗಡಿಗೆ ಹೋಗುವುದು ಇವೇ ತುಂಬಿವೆ. ಇವನ್ನೆಲ್ಲ ನಾವು ಮನೆಯಲ್ಲೇ ಕಲಿಸಬಲ್ಲೆವು. ಶಾಲೆಯಲ್ಲಿ ಓದು ಬರಹವೇ ಇರಲಿ ಎಂದು ಕೇಳುವುದು ತಪ್ಪೇ? 18 ಆದ ಮೇಲೆ ಅವನ ಪರವಾಗಿ ಸಹಿ ಹಾಕುವವರು ಯಾರು? ಬೇಸಿಗೆ ರಜೆಯಲ್ಲಿ ಆರು ವಾರ ಮೈಸೂರಿಗೆ ಕರೆದೊಯ್ದರೆ ಕಲಿತದ್ದೆಲ್ಲ ಮರೆತುಹೋಗುತ್ತದೆಯೇ?

ಉತ್ತರ: ಮಗ್ಗಿಯಿಂದಲೇ ಆರಂಭಿಸುತ್ತೇನೆ. ಹದಿಮೂರರ ಮಗ್ಗಿಯನ್ನು ತಡೆಯಿಲ್ಲದೆ ಹೇಳುವ ಹುಡುಗನಿಗೆ ಒಳ್ಳೆಯ ನೆನಪಿನ ಶಕ್ತಿಯಿದೆ, ಕ್ರಮ ತಪ್ಪದಂತೆ ಸಾಗುವ ಅಭ್ಯಾಸವಿದೆ; ಎರಡೂ ಮುಂದೆ ಅವನ ಕೆಲಸಕ್ಕೆ ಬರುತ್ತವೆ. ಆದರೆ ಅದೇ ಹುಡುಗನ ಕೈಗೆ ಐದು ಪೌಂಡಿನ ನೋಟು ಕೊಟ್ಟು, ಹಾಲು ಮತ್ತು ಬ್ರೆಡ್ ಎರಡಕ್ಕೂ ಇದು ಸಾಕಾಗುತ್ತದೆಯೇ ಎಂದು ಕೇಳಿ ನೋಡಿ. ಬಸ್ ನಿಲ್ದಾಣದ ಫಲಕದಲ್ಲಿ 14:40 ಎಂದಿದ್ದರೆ ಅದು ಮಧ್ಯಾಹ್ನ ಎಷ್ಟು ಗಂಟೆ, ಇನ್ನೆಷ್ಟು ಹೊತ್ತು ಕಾಯಬೇಕು ಎಂದು ಕೇಳಿ ನೋಡಿ. ನನ್ನ ಅನುಭವದಲ್ಲಿ ಮಗ್ಗಿ ಬರುವ ಅನೇಕ ಮಕ್ಕಳಿಗೆ ಇವು ಬರುವುದಿಲ್ಲ, ಏಕೆಂದರೆ ಮಗ್ಗಿಯನ್ನು ಅವರು ಹಾಡಿನಂತೆ ಕಲಿತಿರುತ್ತಾರೆ. ಸಿಕ್ಸ್ತ್ ಫಾರ್ಮಿನಲ್ಲಿ ಗಣಿತ ನಿಲ್ಲುವುದಿಲ್ಲ, ಇಂಗ್ಲಿಷ್ ಕೂಡ ನಿಲ್ಲುವುದಿಲ್ಲ. ಎಂಟ್ರಿ ಲೆವೆಲ್ (ಆರಂಭಿಕ ಮಟ್ಟ), ಫಂಕ್ಷನಲ್ ಸ್ಕಿಲ್ಸ್ (ದಿನಬಳಕೆಯ ಓದು, ಲೆಕ್ಕ) ಎಂಬ ಹೆಸರಿನಲ್ಲಿ ಅವು ಬಸ್ಸಿಗೆ, ಅಂಗಡಿಗೆ, ಒಲೆಯ ಬಳಿಗೆ ಬರುತ್ತವೆ. ನಿಮ್ಮ ಮಗ ಓದಲಿ ಎಂದು ಕೇಳುವುದು ಖಂಡಿತ ತಪ್ಪಲ್ಲ. ಔಷಧಿಯ ಪೊಟ್ಟಣದ ಮೇಲಿನ ಸಾಲು, ಆಸ್ಪತ್ರೆಯಿಂದ ಬಂದ ಸಂದೇಶ, ಡಬ್ಬಿಯ ಮೇಲಿನ ತಾರೀಖು ಇವನ್ನು ಓದಿಸಿ ಎಂದು ಕೇಳಿ.

ಇಲ್ಲಿ ನಮ್ಮವರಿಗೆ ಸಾಮಾನ್ಯವಾಗಿ ಆಗುವ ಒಂದು ಗೊಂದಲವನ್ನು ಹೇಳಬೇಕು. ಸಿಕ್ಸ್ತ್ ಫಾರ್ಮ್ ಎಂದರೆ ನಮ್ಮ ಪಿಯುಸಿ ಇದ್ದಂತೆ ಎಂದು ಎಲ್ಲರೂ ಹೇಳುತ್ತಾರೆ, ಸಾಮಾನ್ಯ ಶಾಲೆಗಳ ಮಟ್ಟಿಗೆ ಅದು ಸರಿಯೂ ಹೌದು. ವಿಶೇಷ ಶಾಲೆಗಳಲ್ಲಿ ಅದು ಹೆಚ್ಚಾಗಿ ಇಯರ್ 12, 13, 14 ಹೀಗೆ ಮೂರು ವರ್ಷಗಳದ್ದು, 19ರ ಹೊತ್ತಿಗೆ ಮುಗಿಯುವಂಥದ್ದು, ಅದರ ಕೊನೆಯಲ್ಲಿ ಸಿಇಟಿಯಂಥ ಬಾಗಿಲು ಯಾವುದೂ ಇಲ್ಲ. ಇಂಗ್ಲೆಂಡಿನಲ್ಲಿ 2014ರ ಮಕ್ಕಳ ಮತ್ತು ಕುಟುಂಬಗಳ ಕಾಯ್ದೆ ಬಂದ ಮೇಲೆ, ಅದರ ಜೊತೆಗೆ 2015ರಲ್ಲಿ ಹೊರಟ ನಿಯಮಾವಳಿಯಲ್ಲಿ, ಇಂಥ ವಿದ್ಯಾರ್ಥಿಗಳನ್ನು ವಯಸ್ಕ ಬದುಕಿಗೆ ಸಿದ್ಧಗೊಳಿಸುವುದೆಂದರೆ ಉದ್ಯೋಗ, ಸ್ವತಂತ್ರ ಜೀವನ, ಸಮುದಾಯದಲ್ಲಿ ಬೆರೆಯುವುದು, ಆರೋಗ್ಯ ಎಂದು ನಾಲ್ಕು ದಿಕ್ಕುಗಳನ್ನು ಗುರುತಿಸಿದ್ದಾರೆ. ಇಯರ್ 9ರಿಂದಲೇ, ಅಂದರೆ 13-14ರ ವಯಸ್ಸಿನಿಂದಲೇ, ಪ್ರತಿ ವಾರ್ಷಿಕ ಪರಿಶೀಲನೆಯಲ್ಲಿ ಇವುಗಳ ಚರ್ಚೆ ಆಗಬೇಕು. ನಿಮ್ಮ ಮಗನ ವಿಷಯದಲ್ಲಿ ಆ ಚರ್ಚೆ ಆಗಿದೆಯೋ ಇಲ್ಲವೋ ಎಂಬುದನ್ನು ಅವನ ಇ.ಎಚ್.ಸಿ. ಪ್ಲಾನ್ (ಅವನ ಶಿಕ್ಷಣ, ಆರೋಗ್ಯ, ಆರೈಕೆಯ ಅಗತ್ಯಗಳನ್ನು ಸ್ಥಳೀಯ ಆಡಳಿತವಾದ ಕೌನ್ಸಿಲ್ ಬರೆದುಕೊಡುವ ಕಾನೂನುಬದ್ಧ ದಾಖಲೆ) ತೆರೆದು ನೀವೇ ನೋಡಿಕೊಳ್ಳಬಹುದು.

ಇನ್ನು ಇವನ್ನೆಲ್ಲ ಮನೆಯಲ್ಲೇ ಕಲಿಸಬಲ್ಲೆವು ಎಂಬ ನಿಮ್ಮ ಮಾತು. ಅದನ್ನು ಅಲ್ಲಗಳೆಯಲು ನನಗೆ ಸಂಕೋಚವಿದೆ, ಆದರೆ ಇಂಗ್ಲೆಂಡಿನ ವಿಶೇಷ ಶಾಲೆಗಳ ಸಿಕ್ಸ್ತ್ ಫಾರ್ಮಿನಲ್ಲಿ ಹದಿನೇಳು ವರ್ಷ ಪಾಠ ಮಾಡಿದ ಮೇಲೆ ನನಗೆ ಖಚಿತವಾಗಿರುವುದು ಒಂದೇ ವಿಷಯ: ಕೆಲಸವನ್ನು ಕಲಿಸುವುದು ಸುಲಭ, ಕಲಿಸಿದವರು ಅಲ್ಲಿಂದ ಸರಿದು ನಿಲ್ಲುವುದು ಕಷ್ಟ. ಆ ಸರಿಯುವಿಕೆಯನ್ನೇ ಪಾಠದಂತೆ ಯೋಜಿಸದಿದ್ದರೆ ಮೂರು ವರ್ಷವೂ ವ್ಯರ್ಥ. ಶಾಲೆಗೇ ಇದು ಕಷ್ಟ. ತಾಯ್ತಂದೆಗಳಿಗಂತೂ ಇನ್ನೂ ಕಷ್ಟ.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ನನ್ನ ತರಗತಿಯ ಒಬ್ಬ ಹುಡುಗ ಪ್ರತಿ ಗುರುವಾರ ಸೂಪರ್‌ಮಾರ್ಕೆಟ್ಟಿಗೆ ಹೋಗಿ, ಚಿತ್ರದ ಪಟ್ಟಿ ನೋಡಿ ನಾಲ್ಕು ಸಾಮಾನು ಆರಿಸಿ, ಹಣ ಕೊಡುವ ಯಂತ್ರದ ಮುಂದೆ ನಿಂತು, ಕಾರ್ಡ್ ತಾಗಿಸಿ, ರಸೀದಿ ಹಿಡಿದು ಬರುತ್ತಿದ್ದ. ಎರಡು ವರ್ಷ ಇದು ನಡೆಯಿತು. ಅವನ ವರದಿಯಲ್ಲಿ ಸ್ವತಂತ್ರವಾಗಿ ಖರೀದಿ ಮಾಡುತ್ತಾನೆ ಎಂದು ನಾನೇ ಬರೆದೆ. ಒಂದು ಗುರುವಾರ ನನಗೆ ಫೋನ್ ಬಂದು ಕಿಟಕಿಯ ಕಡೆ ತಿರುಗಿ ನಿಂತೆ. ಮಾತು ಮುಗಿಸಿ ನೋಡಿದರೆ ಅವನು ಕಾರ್ಡನ್ನು ಯಂತ್ರದಿಂದ ಎರಡು ಅಂಗುಲ ದೂರ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ, ಹಿಂದೆ ಸಾಲು ಬೆಳೆದಿತ್ತು. ನಾನು ತಲೆಯಾಡಿಸಿದೆ, ಅವನು ಕಾರ್ಡ್ ತಾಗಿಸಿದ. ಅಷ್ಟು ದಿನವೂ ನನ್ನ ಅರಿವಿಗೇ ಬಾರದೆ ನಾನು ತಲೆಯಾಡಿಸುತ್ತಿದ್ದೆ, ಅವನ ಪಾಲಿಗೆ ಖರೀದಿಯ ಕೊನೆಯ ಹಂತವೇ ಅದಾಗಿತ್ತು. ಅವನು ಕಲಿತದ್ದನ್ನು ನಾನೇ ಹಾಗೆ ಕಲಿಸಿದ್ದೆ. ಅದನ್ನು ಬಿಡಿಸಲು ಇನ್ನೂ ಒಂದು ಟರ್ಮ್ ಬೇಕಾಯಿತು: ಮೊದಲು ಅವನ ಪಕ್ಕದಿಂದ ಬೆನ್ನ ಹಿಂದಕ್ಕೆ, ಅಲ್ಲಿಂದ ಬಾಗಿಲ ಬಳಿಗೆ, ಬಾಗಿಲಿನಿಂದ ಹೊರಗಿನ ಬೆಂಚಿಗೆ.

ಅಂದಿನಿಂದ ನಾನು ಪ್ಲಾನ್‌ಗಳಲ್ಲಿ ಕೌಶಲದ ಹೆಸರಿಗಿಂತ ಹೆಚ್ಚಾಗಿ ಸಹಾಯಕರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಓದುತ್ತೇನೆ. ನೀವೂ ಹಾಗೆಯೇ ಓದಿ. ಇ.ಎಚ್.ಸಿ. ಪ್ಲಾನಿನ ಇ ವಿಭಾಗದಲ್ಲಿ ಸಾಧಿಸಬೇಕಾದ ಗುರಿಗಳು, ಎಫ್ ವಿಭಾಗದಲ್ಲಿ ಅದಕ್ಕಾಗಿ ಕೊಡಬೇಕಾದ ಶಿಕ್ಷಣ ಮತ್ತು ನೆರವು ಇರುತ್ತವೆ. ಎಫ್‌ನಲ್ಲಿರುವುದನ್ನು ಒದಗಿಸುವುದು ಕೌನ್ಸಿಲ್ಲಿನ ಕಾನೂನುಬದ್ಧ ಹೊಣೆ, ಆದ್ದರಿಂದ ಅದು ಏನು, ಎಷ್ಟು, ಯಾರಿಂದ ಎಂಬುದು ಸ್ಪಷ್ಟವಾಗಿರಬೇಕು. “ಸ್ವತಂತ್ರ ಜೀವನದ ಕೌಶಲಗಳನ್ನು ಬೆಳೆಸಿಕೊಳ್ಳುತ್ತಾನೆ” ಎಂಬ ಗುರಿಯನ್ನು ನಾನು ನೂರಾರು ಕಡೆ ಓದಿದ್ದೇನೆ. ಅದರಿಂದ ಯಾರಿಗೂ ಯಾವ ಜವಾಬ್ದಾರಿಯೂ ಬೀಳುವುದಿಲ್ಲ. ಅದರ ಬದಲು “ಇಯರ್ 13 ಮುಗಿಯುವ ಹೊತ್ತಿಗೆ, ಮನೆಯಿಂದ ಶಾಲೆಗೆ ಹೋಗುವ ಬಸ್ಸಿನಲ್ಲಿ, ಸಹಾಯಕರು ನಂತರದ ಬಸ್ಸಿನಲ್ಲಿ ಬರುತ್ತಿರುವಾಗ, ಹತ್ತು ಸಲದಲ್ಲಿ ಒಂಬತ್ತು ಸಲ ಸರಿಯಾದ ನಿಲ್ದಾಣದಲ್ಲಿ ಇಳಿಯುತ್ತಾನೆ” ಎಂದು ಬರೆಸಿದರೆ, ಎಲ್ಲಿದ್ದೇವೆ ಎಂಬುದು ಪ್ರತಿ ವರ್ಷವೂ ಗೊತ್ತಾಗುತ್ತದೆ. ಎ ವಿಭಾಗದಲ್ಲಿ ಮಗನ ಮತ್ತು ಕುಟುಂಬದ ಆಸೆಗಳನ್ನು ಬರೆಯುವ ಜಾಗವಿದೆ, ಅದನ್ನು ಖಾಲಿ ಬಿಡಬೇಡಿ. ಇಪ್ಪತ್ತೈದನೆಯ ವಯಸ್ಸಿನಲ್ಲಿ ನಿಮ್ಮ ಮಗನ ಒಂದು ಸಾಧಾರಣ ಮಂಗಳವಾರ ಹೇಗಿರಬೇಕು ಎಂದು ಇಬ್ಬರೂ ಕೂತು ಯೋಚಿಸಿ ಬರೆಯಿರಿ: ಎಷ್ಟು ಗಂಟೆಗೆ ಏಳುತ್ತಾನೆ, ಯಾರು ಎಬ್ಬಿಸುತ್ತಾರೆ, ಎಲ್ಲಿಗೆ ಹೋಗುತ್ತಾನೆ, ಮಧ್ಯಾಹ್ನ ಯಾರ ಜೊತೆ ಊಟ ಮಾಡುತ್ತಾನೆ, ಸಂಜೆ ಏನು ಮಾಡುತ್ತಾನೆ. ಈ ಪುಟ ಬರೆಯುವಾಗ ಅಳು ಬಂದವರನ್ನು ನೋಡಿದ್ದೇನೆ. ಆದರೂ ಬರೆಯಿರಿ, ಶಾಲೆಯ ವೇಳಾಪಟ್ಟಿ ಆ ಮಂಗಳವಾರದ ಕಡೆಗೆ ನಡೆಯುತ್ತಿದೆಯೇ ಎಂದು ಕೇಳುವ ಹಕ್ಕು ಆಗ ನಿಮಗೆ ಬರುತ್ತದೆ.

ಇಲ್ಲಿಯ ಅಧಿಕಾರಿಗಳ ಬಾಯಲ್ಲಿ ಸ್ವತಂತ್ರ ಜೀವನ ಎಂದರೆ ತಾಯ್ತಂದೆಯರ ಮನೆ ಬಿಡುವುದು ಎಂಬ ಧ್ವನಿ ಕೇಳಿಸುತ್ತದೆ, ನಮ್ಮವರು ಅದಕ್ಕೆ ಬೆಚ್ಚಿ ಆ ಮಾತನ್ನೇ ಮುಚ್ಚಿಬಿಡುತ್ತಾರೆ. ಮಗ ನಿಮ್ಮ ಜೊತೆಯಲ್ಲೇ ಇರುತ್ತಾನೆ ಎಂದು ಬರೆಯಲು ಯಾವ ಅಡ್ಡಿಯೂ ಇಲ್ಲ. ಅದು ಗೌರವದ ಆಯ್ಕೆ. ಆದರೆ ನಿಮ್ಮ ಮನೆಯಲ್ಲಿದ್ದುಕೊಂಡೇ ಅವನು ತನ್ನ ಬಟ್ಟೆಯನ್ನು ತಾನೇ ಒಗೆಯಬಹುದು, ನೀವಿಲ್ಲದ ಎರಡು ರಾತ್ರಿಗಳನ್ನು ಬೇರೆ ಕಡೆ ಕಳೆದು ಅಭ್ಯಾಸ ಮಾಡಿಕೊಳ್ಳಬಹುದು. ನಿಮಗೆ ಆರೋಗ್ಯ ಕೆಟ್ಟ ದಿನ ತುರ್ತಾಗಿ ಅಪರಿಚಿತ ಸ್ಥಳಕ್ಕೆ ಹೋಗಬೇಕಾಗಿ ಬರುವುದಕ್ಕಿಂತ, ಹತ್ತೊಂಬತ್ತರ ವಯಸ್ಸಿನಲ್ಲಿ ನಿಧಾನವಾಗಿ ಪರಿಚಯವಾಗುವುದು ಎಷ್ಟೋ ಮೇಲು. ಬೆಂಬಲ ಸಹಿತ ಮನೆಗಳು, ಒಂದು ಕುಟುಂಬದ ಜೊತೆ ಅದರ ಸದಸ್ಯನಂತೆ ವಾಸಿಸುವ ಶೇರ್ಡ್ ಲೈವ್ಸ್ ಏರ್ಪಾಡು ಇವನ್ನು ಈಗಲೇ ಒಮ್ಮೆ ಹೋಗಿ ನೋಡಿಕೊಂಡು ಬನ್ನಿ. ನೋಡಿದ ಮಾತ್ರಕ್ಕೆ ಒಪ್ಪಿದಂತಾಗುವುದಿಲ್ಲ.

ಶಾಲೆಯಲ್ಲಿ ಕಲಿತದ್ದು ಮನೆಗೆ ಏಕೆ ಬರುವುದಿಲ್ಲ ಎಂಬುದಕ್ಕೆ ಇನ್ನೊಂದು ಉದಾಹರಣೆ ನಮ್ಮ ಭಾಷೆಯ ಮನೆಯದೇ ಇದೆ. ಒಬ್ಬ ಹುಡುಗಿ ಶಾಲೆಯಲ್ಲಿ ಚೆನ್ನಾಗಿ ಚಹಾ ಮಾಡುತ್ತಿದ್ದಳು: ಕೆಟಲಿಗೆ ನೀರು, ಲೋಟಕ್ಕೆ ಟೀ ಬ್ಯಾಗು, ಮೇಲೆ ತಣ್ಣನೆಯ ಹಾಲು. ಮನೆಯಲ್ಲಿ ಮಾತ್ರ ಅವಳಿಗೆ ಏನೂ ಬರುವುದಿಲ್ಲ ಎಂದು ತಾಯಿ ಹೇಳುತ್ತಿದ್ದರು. ಹೋಗಿ ನೋಡಿದರೆ ಆ ಮನೆಯಲ್ಲಿ ಟೀ ಬ್ಯಾಗೇ ಇಲ್ಲ. ಗ್ಯಾಸ್ ಒಲೆಯ ಮೇಲೆ ಪಾತ್ರೆಯಿಟ್ಟು, ಶುಂಠಿ ಜಜ್ಜಿ ಹಾಕಿ, ಹಾಲು ಸೇರಿಸಿ ಉಕ್ಕಿಸಿ ಸೋಸುತ್ತಾರೆ, ಬೆಳಿಗ್ಗೆಯಾದರೆ ಫಿಲ್ಟರಿನಲ್ಲಿ ಕಾಫಿ ಡಿಕಾಕ್ಷನ್ ಇಳಿಸುತ್ತಾರೆ. ಶಾಲೆ ಕಲಿಸಿದ ಚಹಾಕ್ಕೆ ಆ ಮನೆಯಲ್ಲಿ ಜಾಗವೇ ಇರಲಿಲ್ಲ. ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಒಯ್ಯುವುದೇ ಒಂದು ಪ್ರತ್ಯೇಕ ಕಲಿಕೆ. ಆಟಿಸಂ ಇದ್ದರಂತೂ ಪಾತ್ರೆಯ ಬಣ್ಣ ಬದಲಾದರೂ ಕೆಲಸವೇ ಬೇರೆಯಾದೀತು. ಕೊನೆಗೆ ಆ ತಾಯಿ ಒಂದು ಸಣ್ಣ ಪಾತ್ರೆ, ಚಹಾ ಪುಡಿಯ ಡಬ್ಬಿ, ಸೋಸುವ ಜಾಲರಿ ಇವನ್ನು ಶಾಲೆಗೆ ಕೊಟ್ಟು ಕಳಿಸಿದರು. ಶಾಲೆಯವರು ಹಂತಗಳ ಚಿತ್ರ ತೆಗೆದರು. ಹಾಲು ಅಂಚಿಗೆ ಬಂದಾಗ ಉರಿ ಇಳಿಸುವ ಹಂತ ಒಂದಕ್ಕೇ ಆರು ವಾರ ಹಿಡಿಯಿತು. ನೀವೂ ಹೀಗೆ ನಿಮ್ಮ ಮನೆಯನ್ನು ಶಾಲೆಗೆ ಕಳಿಸಿ: ಅನ್ನದ ಕುಕ್ಕರಿನ ಚಿತ್ರ, ನಿಮ್ಮ ವಾಷಿಂಗ್ ಮೆಷೀನಿನ ಗುಂಡಿಯ ಚಿತ್ರ, ನಿಮ್ಮ ಬಾಗಿಲ ಬೀಗ.

ಭಾಷೆಯ ವಿಷಯವೂ ಇದಕ್ಕೆ ಸೇರಿದ್ದೇ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷನ್ನೇ ಮಾತನಾಡಿ ಎಂದು ಹಿಂದೆ ಅನೇಕ ಕುಟುಂಬಗಳಿಗೆ ಸಲಹೆ ಕೊಡುತ್ತಿದ್ದರು. ನಿಮಗೂ ಯಾರಾದರೂ ಹೇಳಿರಬಹುದು. ಎರಡು ಭಾಷೆಗಳ ಮನೆಯಲ್ಲಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತಿಗೆ ಹಾನಿಯಾಗುವುದಿಲ್ಲ ಎಂಬುದನ್ನು ಈಗಿನ ಸಂಶೋಧನೆಗಳು ಒಂದಾದ ಮೇಲೊಂದು ತೋರಿಸಿವೆ. ನಿಮ್ಮ ಮಗನ ವಯಸ್ಕ ಬದುಕಿನಲ್ಲಿ ಅಜ್ಜಿ, ಮಾವ, ದೊಡ್ಡಪ್ಪನ ಮಕ್ಕಳು ಇರುತ್ತಾರೆ. ಸಂವಹನ ಪುಸ್ತಕ ಅಥವಾ ಟ್ಯಾಬ್ಲೆಟ್ ಬಳಸುವವನಾದರೆ ಅದರಲ್ಲಿ ಸಾರು, ಸಾಕು, ನೋವು, ಬೇಡ ಎಂಬ ಕನ್ನಡ ಮಾತುಗಳೂ ಇರಲಿ.

ಬಸ್ ಪ್ರಯಾಣದ ತರಬೇತಿಗೆ ಒಪ್ಪಿಗೆ ಕೊಡಲು ನೀವು ಹಿಂಜರಿಯುತ್ತಿರುವುದು ಪತ್ರದ ಸಾಲುಗಳ ನಡುವೆ ಕಾಣುತ್ತಿದೆ. ಮೊದಲಿಗೆ ವ್ಯಾವಹಾರಿಕ ಕಾರಣ ಹೇಳುತ್ತೇನೆ: 16 ದಾಟಿದ ಮೇಲೆ ಶಾಲೆಯ ಟ್ಯಾಕ್ಸಿ ಅಥವಾ ಮಿನಿಬಸ್ ಮೊದಲಿನಂತೆ ತಾನಾಗಿಯೇ ಮುಂದುವರಿಯುವುದಿಲ್ಲ. ಈ ವಯಸ್ಸಿನವರ ಸಾರಿಗೆಗೆ ಪ್ರತಿ ಕೌನ್ಸಿಲ್ಲೂ ಪ್ರತಿ ವರ್ಷ ಮೇ 31ರೊಳಗೆ ತನ್ನ ನೀತಿಯನ್ನು ಪ್ರಕಟಿಸಬೇಕು, ಅದರಲ್ಲಿ ಕುಟುಂಬದಿಂದ ಹಣ ಕೇಳುವುದಕ್ಕೂ ಅವಕಾಶವಿದೆ. ನಿಮ್ಮ ಕೌನ್ಸಿಲ್ಲಿನ ನೀತಿಯನ್ನು ಓದಿ, ಹೊಸದಾಗಿ ಅರ್ಜಿ ಹಾಕಿ. ಜೊತೆಗೆ ಅಂಗವಿಕಲರ ಬಸ್ ಪಾಸಿಗೂ ಅರ್ಜಿ ಹಾಕಿ; ಇಂಗ್ಲೆಂಡಿನಾದ್ಯಂತ ಅದು ವಾರದ ದಿನಗಳಲ್ಲಿ ಬೆಳಿಗ್ಗೆ 9:30ರಿಂದ ರಾತ್ರಿ 11ರವರೆಗೆ, ವಾರಾಂತ್ಯದಲ್ಲಿ ಇಡೀ ದಿನ ಉಚಿತ. ಶಾಲೆ ಆರಂಭವಾಗುವುದು 9:30ಕ್ಕಿಂತ ಮುಂಚೆ ಎಂಬುದು ಆ ನಿಯಮ ಮಾಡಿದವರಿಗೆ ಹೊಳೆಯಲಿಲ್ಲವೋ ಏನೋ. ಕೆಲವು ಕೌನ್ಸಿಲ್‌ಗಳು ತಾವಾಗಿಯೇ ಅದನ್ನು ಸಡಿಲಿಸುತ್ತವೆ, ಕೇಳಿ ನೋಡಬೇಕು.

ತರಬೇತಿ ಎಂದರೆ ಹುಡುಗನನ್ನು ಒಬ್ಬನೇ ಬಸ್ಸಿಗೆ ಹತ್ತಿಸಿ ದೇವರ ಮೇಲೆ ಭಾರ ಹಾಕುವುದಲ್ಲ. ಒಂದೇ ದಾರಿಯನ್ನು ತೆಗೆದುಕೊಂಡು ಮೂವತ್ತೋ ನಲವತ್ತೋ ಹೆಜ್ಜೆಗಳಾಗಿ ಒಡೆಯುತ್ತಾರೆ. ನಿಲ್ದಾಣದಲ್ಲಿ ನಿಲ್ಲುವುದು ಬಂದರೂ ಬಸ್ ಕಂಡಾಗ ಕೈ ಚಾಚಬೇಕು ಎಂಬುದು ಎಷ್ಟೋ ಮಕ್ಕಳಿಗೆ ಹೊಳೆಯುವುದಿಲ್ಲ. ಬಸ್ ಮುಂದೆ ಹೋಗಿಬಿಡುತ್ತದೆ, ಅವರು ಹಾಗೇ ನಿಂತಿರುತ್ತಾರೆ. ಇಳಿಯುವ ಗುಂಡಿಯನ್ನು ಯಾವ ಗುರುತು ಕಂಡಾಗ ಒತ್ತಬೇಕು ಎಂಬುದಕ್ಕೆ ಪೆಟ್ರೋಲ್ ಬಂಕನ್ನೋ ಚರ್ಚಿನ ಗೋಪುರವನ್ನೋ ಆರಿಸುತ್ತಾರೆ. ಚಳಿಗಾಲದ ಸಂಜೆ ನಾಲ್ಕಕ್ಕೇ ಕತ್ತಲಾಗುವುದರಿಂದ ಹೊರಗೆ ಕಾಣದ ಗುರುತು ಉಪಯೋಗಕ್ಕೆ ಬಾರದು ಎಂದು ನವೆಂಬರಿನಲ್ಲಿ ಮತ್ತೊಮ್ಮೆ ಕಲಿಸಬೇಕಾಗುತ್ತದೆ. ಎಲ್ಲ ಹೆಜ್ಜೆಗಳೂ ಬಂದ ಮೇಲೆ ತೊಂದರೆಗಳನ್ನು ಬೇಕೆಂದೇ ಕಲಿಸುತ್ತಾರೆ: ಬಸ್ ದಾರಿ ಬದಲಿಸಿದರೆ, ಫೋನಿನ ಚಾರ್ಜ್ ಮುಗಿದರೆ, ಅಪರಿಚಿತರು ಬನ್ನಿ ಬಿಡುತ್ತೇನೆ ಎಂದರೆ. ಎಲ್ಲರೂ ಕೊನೆಯ ಹಂತ ತಲುಪುವುದಿಲ್ಲ. ಸಹಾಯಕರೊಬ್ಬರು ಜೊತೆಗಿದ್ದರೂ ತಾನೇ ಹತ್ತಿ, ತಾನೇ ಪಾಸ್ ತೋರಿಸಿ, ತಾನೇ ಗುಂಡಿ ಒತ್ತುವಷ್ಟಕ್ಕೆ ನಿಂತರೆ ಅದೂ ಸಾಧನೆಯೇ; ಮುಂದೆ ಅವನ ಜೊತೆ ಹೋಗುವವರ ಕೆಲಸ ಅಷ್ಟರಿಂದಲೇ ಹಗುರಾಗುತ್ತದೆ.

ಉದ್ಯೋಗದ ಬಗ್ಗೆ ನೀವು ಕೇಳಿಯೇ ಇಲ್ಲ, ಅದು ನನಗೆ ಸ್ವಲ್ಪ ಬೇಸರ ತಂದಿತು. ಇಂಗ್ಲೆಂಡಿನಲ್ಲಿ ಕೌನ್ಸಿಲ್‌ಗಳ ದೀರ್ಘಕಾಲದ ನೆರವು ಪಡೆಯುವ ಬೌದ್ಧಿಕ ಅಸಾಮರ್ಥ್ಯದ ವಯಸ್ಕರಲ್ಲಿ ಸಂಬಳದ ಕೆಲಸದಲ್ಲಿರುವವರು ಸುಮಾರು ಶೇ. 5 ಮಾತ್ರ. ಈ ಅಂಕಿ ನೋಡಿ ಕೈಚೆಲ್ಲುವವರಿದ್ದಾರೆ. ಆದರೆ ಸಪೋರ್ಟೆಡ್ ಇಂಟರ್ನ್‌ಶಿಪ್ ಎಂಬ ದಾರಿ ನಿಮ್ಮ ಮಗನಂಥವರಿಗಾಗಿಯೇ ಇದೆ: ಇ.ಎಚ್.ಸಿ. ಪ್ಲಾನ್ ಇರುವ, 16ರಿಂದ 24ರ ವಯಸ್ಸಿನವರು ಕನಿಷ್ಠ ಆರು ತಿಂಗಳು, ಹೆಚ್ಚಿನ ಹೊತ್ತು ನಿಜವಾದ ಕೆಲಸದ ಸ್ಥಳದಲ್ಲೇ ಇದ್ದು ಕಲಿಯುತ್ತಾರೆ. ಸಂಬಳವಿಲ್ಲ, ಆದರೆ ಜಾಬ್ ಕೋಚ್ ಒಬ್ಬರು ಪಕ್ಕದಲ್ಲಿರುತ್ತಾರೆ, ಸಂಬಳದ ಕೆಲಸ ಸಿಗಬೇಕೆಂಬುದೇ ಅದರ ಗುರಿ. ಈ ಪದ್ಧತಿಗೆ ಮಾದರಿಯಾದ ಪ್ರಾಜೆಕ್ಟ್ ಸರ್ಚ್ 1996ರಲ್ಲಿ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ ಆರಂಭವಾಯಿತು. ಅಲ್ಲಿಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಸಾಮಗ್ರಿಗಳನ್ನು ಕ್ರಮವಾಗಿ ತುಂಬಿಸುವ ಕೆಲಸಕ್ಕೆ ಬಂದವರು ನಿಲ್ಲುತ್ತಿರಲಿಲ್ಲ. ಇದೇ ಕೆಲಸವನ್ನು ಬೌದ್ಧಿಕ ಅಸಾಮರ್ಥ್ಯ ಇರುವ ಯುವಜನರಿಗೆ ಕಲಿಸಿದರೆ ಹೇಗೆ ಎಂದು ವಿಭಾಗದ ಮುಖ್ಯಸ್ಥೆ ಎರಿನ್ ರೀಹ್ಲ್ ಯೋಚಿಸಿದರು. ಯಾವ ಪೆಟ್ಟಿಗೆಯಲ್ಲಿ ಯಾವುದು ಎಷ್ಟಿರಬೇಕೋ ಅಷ್ಟೇ ಇರಬೇಕು ಎಂಬ ಹಟ ಇರುವವರಿಗೆ ಅದು ಒಪ್ಪುವ ಕೆಲಸ. ಕ್ರಮ ತಪ್ಪದೆ ಮಗ್ಗಿ ಹೇಳುವ ನಿಮ್ಮ ಮಗನನ್ನು ಇಲ್ಲಿ ನೆನೆದುಕೊಂಡೆ.

ಅದಕ್ಕೆ ಇಯರ್ 14ರವರೆಗೆ ಕಾಯಬೇಡಿ. ಇಯರ್ 12ರಲ್ಲೇ ವಾರಕ್ಕೆ ಅರ್ಧ ದಿನವಾದರೂ ಶಾಲೆಯ ಹೊರಗಿನ ಕೆಲಸದ ಅನುಭವ ಇರಲಿ, ವರ್ಷಕ್ಕೊಂದು ಬೇರೆ ಬೇರೆ ಜಾಗ ಇರಲಿ: ಒಂದು ಸದ್ದಿರುವ ಜಾಗ, ಒಂದು ಸದ್ದಿಲ್ಲದ ಜಾಗ, ಒಂದು ಬಯಲಿನದು. ಅವನಿಗೆ ಏನು ಇಷ್ಟವಿಲ್ಲ ಎಂಬುದು ಗೊತ್ತಾಗುವುದು ಹೀಗೆಯೇ. ನಮ್ಮವರಲ್ಲಿ ಎಷ್ಟೋ ತಂದೆಯರು ಐಟಿಯಲ್ಲಿರುತ್ತಾರೆ, ಮಗನಿಗೂ ಕಂಪ್ಯೂಟರ್ ಕೆಲಸವೇ ಸಿಗಲಿ ಎನ್ನುತ್ತಾರೆ. ಹೋಟೆಲಿನ ಲಿನನ್ ಕೋಣೆಯಲ್ಲಿ ಟವೆಲ್ ಮಡಿಸುವ ಕೆಲಸವನ್ನು ಹೇಳಿದರೆ ಮುಖ ಸಣ್ಣದಾಗುತ್ತದೆ. ಆ ಟವೆಲ್ ಮಡಿಸುವ ಹುಡುಗ ಸಂಬಳದ ದಿನ ತನ್ನ ಕಾರ್ಡಿನಿಂದ ಅಪ್ಪನಿಗೆ ಕಾಫಿ ಕೊಡಿಸಿದ್ದನ್ನು ನಾನು ಕಂಡಿದ್ದೇನೆ.

ಈಗ ಸಹಿಯ ಪ್ರಶ್ನೆ. ಭಾರತದಲ್ಲಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವಿಧ ವೈಕಲ್ಯ ಇರುವವರಿಗೆ 18 ತುಂಬಿದ ಮೇಲೆ ಸ್ಥಳೀಯ ಮಟ್ಟದ ಸಮಿತಿಯಿಂದ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಬಹುದು. ಊರಿನ ನೆಂಟರು ನಿಮಗೆ ಹೇಳುತ್ತಿರುವುದು ಬಹುಶಃ ಇದನ್ನೇ. ಇಂಗ್ಲೆಂಡಿನಲ್ಲಿ ಹಾಗೆ ಎಲ್ಲಕ್ಕೂ ಒಟ್ಟಾಗಿ ತಾಯ್ತಂದೆಯರ ಕೈಗೆ ಬರುವ ಅಧಿಕಾರವಿಲ್ಲ. 2005ರ ಮೆಂಟಲ್ ಕೆಪಾಸಿಟಿ ಕಾಯ್ದೆ 16ರಿಂದಲೇ ಅನ್ವಯಿಸುತ್ತದೆ. ಅದರ ಪ್ರಕಾರ ಪ್ರತಿಯೊಬ್ಬರಿಗೂ ನಿರ್ಧರಿಸುವ ಸಾಮರ್ಥ್ಯ ಇದೆ ಎಂದೇ ಮೊದಲು ಭಾವಿಸಬೇಕು. ಇಲ್ಲ ಎಂದು ತೀರ್ಮಾನಿಸುವ ಮುನ್ನ ನಿರ್ಧಾರಕ್ಕೆ ಬೇಕಾದ ಎಲ್ಲ ಸಹಾಯವನ್ನೂ ಕೊಟ್ಟಿರಬೇಕು. ಅವಿವೇಕದ ನಿರ್ಧಾರ ಮಾಡಿದ ಎಂಬುದಷ್ಟೇ ಸಾಮರ್ಥ್ಯವಿಲ್ಲ ಎನ್ನಲು ಕಾರಣವಾಗದು. ಬೇರೆಯವರು ನಿರ್ಧರಿಸಿದರೆ ಅದು ಅವನ ಹಿತಕ್ಕಾಗಿರಬೇಕು, ಅವನ ಸ್ವಾತಂತ್ರ್ಯವನ್ನು ಆದಷ್ಟು ಕಡಿಮೆ ಮೊಟಕುಗೊಳಿಸಬೇಕು. ಸಾಮರ್ಥ್ಯವನ್ನು ಒಂದೊಂದು ನಿರ್ಧಾರಕ್ಕೂ ಬೇರೆಯಾಗಿ ನೋಡುತ್ತಾರೆ. ಮಧ್ಯಾಹ್ನ ಏನು ತಿನ್ನಬೇಕೆಂದು ನಿಮ್ಮ ಮಗ ನಿರ್ಧರಿಸಬಲ್ಲ, ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡಬೇಕೆ ಎಂಬುದನ್ನು ನಿರ್ಧರಿಸಲಾರದೆ ಇರಬಹುದು. ಹೀಗಾಗಿ ಆಯ್ಕೆ ಮಾಡುವುದೂ ಒಂದು ಪಾಠ. ಇಷ್ಟರವರೆಗೆ ಅವನ ಅಂಗಿಯನ್ನು ನೀವೇ ತೆಗೆದಿಡುತ್ತಿದ್ದರೆ, ನಾಳೆಯಿಂದ ಎರಡು ಅಂಗಿ ಇಟ್ಟು ಕೇಳಿ.

ಈ ವರ್ಷವೇ ನೋಡಬೇಕಾದ ಕಾಗದಗಳು ಕೆಲವಿವೆ. 16 ತುಂಬುತ್ತಿದ್ದಂತೆ ಮಕ್ಕಳ ಅಂಗವೈಕಲ್ಯಕ್ಕೆ ಬರುವ ಅವನ ಡಿ.ಎಲ್.ಎ. ಭತ್ಯೆಯ ಬದಲು, ಅದೇ ಬಗೆಯ ದೊಡ್ಡವರ ಭತ್ಯೆಯಾದ ಪಿ.ಐ.ಪಿ.ಗೆ ಅರ್ಜಿ ಹಾಕಬೇಕೆಂದು ಪತ್ರ ಬರುತ್ತದೆ, ಅದರಲ್ಲಿನ ಗಡುವನ್ನು ತಪ್ಪಿಸಬೇಡಿ. ಆ ಹಣವನ್ನು ಅವನು ತಾನೇ ನಿರ್ವಹಿಸಲಾರನಾದರೆ ನಿಮ್ಮಲ್ಲೊಬ್ಬರು ಅಪಾಯಿಂಟಿ, ಅಂದರೆ ಅವನ ಪರವಾಗಿ ಭತ್ಯೆ ನೋಡಿಕೊಳ್ಳುವವರು, ಆಗಬಹುದು. ಕಡ್ಡಾಯ ಶಾಲಾ ವಯಸ್ಸು ಮುಗಿಯುವ ಜೂನ್ ತಿಂಗಳ ಕೊನೆಯ ಶುಕ್ರವಾರದ ನಂತರ ಇ.ಎಚ್.ಸಿ. ಪ್ಲಾನಿನ ಬಗ್ಗೆ ಮೇಲ್ಮನವಿಯ ಹಕ್ಕು ಅವನ ಹೆಸರಿಗೆ ಬರುತ್ತದೆ. ಅವನಿಗೆ ಆ ಸಾಮರ್ಥ್ಯವಿಲ್ಲದಿದ್ದರೆ ಅವನ ಪರವಾಗಿ ನೀವು ನಡೆಸಬಹುದು. ಅವನ ಹೆಸರಿನಲ್ಲಿ ಜೂನಿಯರ್ ಐಸಾದಂಥ (ಮಕ್ಕಳ ತೆರಿಗೆರಹಿತ ಖಾತೆ) ಉಳಿತಾಯ ಮಾಡಿದ್ದರೆ 18ರ ದಿನ ಅದು ಅವನದಾಗುತ್ತದೆ, ಕಟ್ಟಿದವರು ನೀವೇ ಆದರೂ ತೆಗೆಯಲು, ನಿರ್ಧರಿಸುವ ಸಾಮರ್ಥ್ಯವಿಲ್ಲದವರ ವಿಷಯ ನೋಡುವ ಕೋರ್ಟ್ ಆಫ್ ಪ್ರೊಟೆಕ್ಷನ್ನಿನ ಆದೇಶ ಬೇಕಾದೀತು. ಆ ಪ್ರಕ್ರಿಯೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. 17ರಲ್ಲೇ ವಕೀಲರನ್ನು ಕೇಳಿ. ಅಧಿಕಾರಪತ್ರ ಬರೆದುಕೊಡುವುದರ ಅರ್ಥ ಅವನಿಗೆ ತಿಳಿಯುವುದಾದರೆ, 18 ತುಂಬಿದ ಮೇಲೆ ಅವನೇ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಮಾಡಿಕೊಡಬಹುದು, ಕೋರ್ಟಿನ ಅಗತ್ಯ ಬೀಳದು. ಅವನ ಹೆಸರಿನಲ್ಲಿ ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರ ಸರ್ಕಾರಿ ಭತ್ಯೆ) ಆರಂಭವಾದರೆ ಅವನಿಗಾಗಿ ನಿಮಗೆ ಬರುವ ಚೈಲ್ಡ್ ಬೆನಿಫಿಟ್ ನಿಲ್ಲುತ್ತದೆ, ಮೊದಲೇ ಲೆಕ್ಕ ಹಾಕಿಸಿ. ಇದನ್ನು ಓದುವ ಇತರರಿಗೊಂದು ಮಾತು: ಉದ್ಯೋಗ ವೀಸಾದ ಮೇಲೆ ಬಂದು, ಸರ್ಕಾರಿ ಭತ್ಯೆ ಪಡೆಯಬಾರದು ಎಂಬ ಷರತ್ತು ಇರುವವರು ಪಿ.ಐ.ಪಿ. ಕೇಳಬಾರದು, ಆದರೆ ಇ.ಎಚ್.ಸಿ. ಪ್ಲಾನ್ ಮತ್ತು ವಿಶೇಷ ಶಾಲೆ ಆ ಷರತ್ತಿನೊಳಗೆ ಬರುವುದಿಲ್ಲ. ಈ ಭಯದಿಂದ ಮಗುವಿನ ಪ್ಲಾನನ್ನೇ ಕೇಳದೆ ವರ್ಷ ಕಳೆದವರನ್ನು ನಾನು ಬಲ್ಲೆ.

18ಕ್ಕೆ ಮುಂಚೆ ಕೌನ್ಸಿಲ್ಲಿನ ವಯಸ್ಕರ ವಿಭಾಗದಿಂದ ಪರಿವರ್ತನೆಯ ಮೌಲ್ಯಮಾಪನ (ದೊಡ್ಡವನಾದ ಮೇಲೆ ಯಾವ ನೆರವು ಬೇಕೆಂಬ ಪರಿಶೀಲನೆ) ಮಾಡಿಸಿಕೊಳ್ಳುವ ಹಕ್ಕು 2014ರ ಕೇರ್ ಕಾಯ್ದೆಯಲ್ಲಿದೆ. ಫೋನಿನಲ್ಲಿ ಕೇಳಿದರೆ ಇನ್ನೂ ಚಿಕ್ಕವನು ಎನ್ನುತ್ತಾರೆ, ಬರವಣಿಗೆಯಲ್ಲಿ ಕೇಳಿ. ಇಯರ್ 14 ಆದ ಮೇಲೆ ಕಾಲೇಜು ಎಂದಾದರೆ ಸೆಪ್ಟೆಂಬರಿನ ಪ್ರವೇಶಕ್ಕೆ ಪ್ಲಾನಿನ ತಿದ್ದುಪಡಿ ಆ ವರ್ಷದ ಮಾರ್ಚ್ 31ರೊಳಗೆ ಮುಗಿಯಬೇಕು; ಕಾಲೇಜು ಹೆಚ್ಚಾಗಿ ವಾರಕ್ಕೆ ಮೂರೇ ದಿನ ಎಂಬುದು ಎಷ್ಟೋ ಮನೆಗಳಿಗೆ ಆಗಸ್ಟಿನಲ್ಲಿ ತಿಳಿಯುತ್ತದೆ, ಆಗ ಉಳಿದೆರಡು ದಿನಕ್ಕೆ ತಾಯಿ ಕೆಲಸ ಬಿಡುವ ಮಾತು ಬರುತ್ತದೆ. ಪ್ಲಾನ್ 25ರವರೆಗೆ ಇರುತ್ತದೆ ಎಂದು ಯಾರಾದರೂ ಹೇಳಿದರೆ, ಇರಬಹುದು ಎಂದು ತಿದ್ದಿಕೊಳ್ಳಿ. ಶಿಕ್ಷಣದ ಗುರಿಗಳು ಉಳಿದಿರುವವರೆಗೆ ಮಾತ್ರ ಅದು ಇರುತ್ತದೆ.

ಆರೋಗ್ಯದಲ್ಲಿ ಹೇಳುವುದು ಸ್ವಲ್ಪವೇ. 14 ದಾಟಿದ ಬೌದ್ಧಿಕ ಅಸಾಮರ್ಥ್ಯದವರಿಗೆ ವರ್ಷಕ್ಕೊಮ್ಮೆ ಜಿ.ಪಿ.ಯಲ್ಲಿ (ಕುಟುಂಬ ವೈದ್ಯರಲ್ಲಿ) ಪೂರ್ಣ ತಪಾಸಣೆ ಇದೆ, ಆದರೆ ಅದಕ್ಕೆ ಜಿ.ಪಿ.ಯ ಪ್ರತ್ಯೇಕ ಪಟ್ಟಿಯಲ್ಲಿ ಹೆಸರಿರಬೇಕು. ಶಾಲೆಯ ಪ್ಲಾನ್ ಇದ್ದ ಮಾತ್ರಕ್ಕೆ ಆ ಪಟ್ಟಿಗೆ ಹೆಸರು ಸೇರುವುದಿಲ್ಲ. ನಾಳೆಯೇ ಫೋನ್ ಮಾಡಿ.

ನಮ್ಮ ಮನೆಗಳಲ್ಲಿ ಮಾತಿಗೆ ಬಾರದ ವಿಷಯವೊಂದಿದೆ. ನಿಮ್ಮ ಮಗನ ದೇಹ ಗಂಡಸಿನದಾಗಿದೆ. ಯಾವುದನ್ನು ಬಾಗಿಲು ಹಾಕಿಕೊಂಡ ತನ್ನ ಕೋಣೆಯಲ್ಲಿ ಮಾತ್ರ ಮಾಡಬೇಕು, ಯಾರು ತನ್ನನ್ನು ಎಲ್ಲಿ ಮುಟ್ಟಬಾರದು, ತಾನು ಯಾರನ್ನು ಮುಟ್ಟಬಾರದು ಎಂಬುದನ್ನು ಶಾಲೆ ಚಿತ್ರಗಳ ಮೂಲಕ ಕಲಿಸುತ್ತದೆ. ದಯವಿಟ್ಟು ಆ ಪಾಠದಿಂದ ಅವನನ್ನು ಹೊರಗಿಡಬೇಡಿ. ಯುಗಾದಿ ಕಾರ್ಯಕ್ರಮದಲ್ಲಿ ಎಂಟು ವರ್ಷದ ಹುಡುಗ ಎಲ್ಲ ಆಂಟಿಯರನ್ನೂ ತಬ್ಬಿಕೊಂಡರೆ ಮುದ್ದು ಎನ್ನುತ್ತಾರೆ, ಹದಿನೆಂಟರವನು ಅದನ್ನೇ ಬಸ್ಸಿನಲ್ಲಿ ಮಾಡಿದರೆ ಪೊಲೀಸರು ಬರುತ್ತಾರೆ, ಬದಲಾದದ್ದು ಏನು ಎಂದು ಅವನಿಗೆ ತಿಳಿಯುವುದಿಲ್ಲ. ನಮಗೆ ಇದರಲ್ಲೊಂದು ಅನುಕೂಲವಿದೆ: ತಬ್ಬುವ ಬದಲು ನಮಸ್ಕಾರ. ಎರಡು ಕೈಗೂ ಕೆಲಸ ಸಿಗುತ್ತದೆ, ಎದುರಿನವರಿಗೂ ಸಂತೋಷವಾಗುತ್ತದೆ, ನಡುವಿನ ಅಂತರವೂ ಉಳಿಯುತ್ತದೆ. ನನ್ನ ತರಗತಿಯ ಇಂಗ್ಲಿಷ್ ಮಕ್ಕಳಿಗೂ ಇದನ್ನೇ ಕಲಿಸಿದೆ, ಒಬ್ಬ ಹುಡುಗ ಈಗಲೂ ಬಸ್ ಡ್ರೈವರಿಗೆ ಕೈ ಮುಗಿದೇ ಇಳಿಯುತ್ತಾನೆ.

ಮೈಸೂರಿಗೆ ಖಂಡಿತ ಕರೆದುಕೊಂಡು ಹೋಗಿ. ಆರು ವಾರದಲ್ಲಿ ಅವನು ಕಲಿತದ್ದನ್ನು ಮರೆಯುವುದಕ್ಕಿಂತ ಹೆಚ್ಚಾಗಿ, ಅಜ್ಜಿ ತುತ್ತು ಕಲಸಿ ಕೊಡುವುದರಿಂದ, ಮಾವ ಶೂ ಹಾಕಿಸುವುದರಿಂದ, ಮನೆ ತುಂಬ ಕೈಗಳು ಅವನಿಗಾಗಿ ಮುಂದೆ ಬರುವುದರಿಂದ ಮಾಡುವುದನ್ನು ಬಿಟ್ಟುಬಿಡುವ ಅಪಾಯವಿದೆ. ಅಜ್ಜಿಯನ್ನು ತಡೆಯಲಾಗುವುದಿಲ್ಲ, ತಡೆಯಲೂ ಬೇಡಿ. ಅವನಿಗೆಂದು ದಿನಕ್ಕೊಂದು ಕೆಲಸವನ್ನು ಮಾತ್ರ ಕಾಯ್ದಿಡಿ: ಬೆಳಿಗ್ಗೆ ಬೀದಿಯ ಕೊನೆಯ ಬೂತಿನಿಂದ ನಂದಿನಿ ಹಾಲು ತರುವುದು. ಇಲ್ಲಿ ಕಾರ್ಡ್ ತಾಗಿಸಿ ಅಭ್ಯಾಸವಾದವನಿಗೆ ಅಲ್ಲಿ ಕೈಯಲ್ಲಿ ನೋಟು ಇರುತ್ತದೆ, ಪ್ಯಾಕೆಟ್ಟಿನ ಬಣ್ಣ ನೋಡಿ ನೀಲಿಯದನ್ನು ಕೇಳಬೇಕಾಗುತ್ತದೆ, ಸಾಲಿಲ್ಲದ ಗುಂಪಿನಲ್ಲಿ ಕೈ ಮುಂದೆ ಚಾಚಬೇಕಾಗುತ್ತದೆ. ಬೂತಿನವರಿಗೆ ಮೊದಲೇ ಒಂದು ಮಾತು ಹೇಳಿಡಿ. ಮೊದಲ ವಾರ ಜೊತೆಯಲ್ಲಿ ಹೋಗಿ. ಎರಡನೆಯ ವಾರ ಹತ್ತು ಹೆಜ್ಜೆ ಹಿಂದೆ ಇರಿ, ಅವನು ತಿರುಗಿ ನೋಡಿದರೆ ನೀವು ಬೇರೆ ಕಡೆ ನೋಡುತ್ತಿರಿ. ನಾಲ್ಕನೆಯ ವಾರದ ಹೊತ್ತಿಗೆ ಗೇಟಿನ ಬಳಿ ನಿಂತರೆ ಸಾಕಾಗಬಹುದು. ಯಾವ ದಿನ ಎಲ್ಲಿ ನಿಂತಿದ್ದಿರಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಸೆಪ್ಟೆಂಬರಿನ ಮೊದಲ ವಾರ ಅದನ್ನು ಅವನ ಹೊಸ ಟೀಚರ್ ಕೈಗೆ ಕೊಡಿ.